ವಿದೇಶಿ ಸೆಮಿಸ್ಟರ್: ತಯಾರಾಗಬೇಕಾದವರು ಯಾರು?

ಒಂದು ಸೆಮಿಸ್ಟರ್ ಮಟ್ಟಿಗೆ ವಿದೇಶಿ ವಿಶ್ವವಿದ್ಯಾಲಯಕ್ಕೆ ಓದಲು ಹೊರಟ ವಿದ್ಯಾರ್ಥಿಗೆ ಸಲಹೆಗಳಿಗೇನೂ ಬರವಿಲ್ಲ. ಪಾಸ್‌ಪೋರ್ಟ್ ಅವಧಿ ನೋಡಿಕೋ, ವಿಮೆ ಮಾಡಿಸು, ಫಾರೆಕ್ಸ್ ಕಾರ್ಡ್ ತಗೋ, ಚಳಿಗೆ ದಪ್ಪ ಕೋಟು ಇಟ್ಟುಕೋ, ಚಟ್ನಿಪುಡಿ ಮರೆಯಬೇಡ. ಈ ಮಾತುಗಳೆಲ್ಲ ಬೇಕಾದವೇ. ಆದರೆ ಇವುಗಳಲ್ಲಿ ಯಾವುದು ತಪ್ಪಿದರೂ ಅಲ್ಲಿ ಹೋದ ಮೇಲೆ ಸರಿಪಡಿಸಿಕೊಳ್ಳಬಹುದು. ಸರಿಪಡಿಸಲಾಗದ ತಪ್ಪು ಬೇರೆಯೇ ಇದೆ: ಅಲ್ಲಿ ಓದಿದ ವಿಷಯಗಳನ್ನು ಇಲ್ಲಿನ ಕಾಲೇಜು ತನ್ನ ಅಂಕಪಟ್ಟಿಗೆ ಸೇರಿಸಿಕೊಳ್ಳದೆ ಹೋಗುವುದು. ಆರು ತಿಂಗಳ ಓದು, ಲಕ್ಷಗಟ್ಟಲೆ ಖರ್ಚು ಎಲ್ಲ ಮುಗಿಸಿ ಬಂದವರು ಅದೇ ವಿಷಯಗಳನ್ನು ಜೂನಿಯರ್‌ಗಳ ಜೊತೆ ಕೂತು ಮತ್ತೆ ಬರೆಯಬೇಕಾದರೆ ಅದಕ್ಕೆ ವಿನಿಮಯ ಎನ್ನಲಾಗದು. ಹಾಗಾಗಿ ಈ ಲೇಖನದ ವಾದ ಇಷ್ಟು: ವಿನಿಮಯ ಸೆಮಿಸ್ಟರಿನ ಮುಖ್ಯ ತಯಾರಿ ವಿದ್ಯಾರ್ಥಿಯದಲ್ಲ, ಅವನನ್ನು ಕಳಿಸುವ ಸಂಸ್ಥೆಯದು. ಆ ತಯಾರಿಯನ್ನು ಸಂಸ್ಥೆಗಳು ವಿದ್ಯಾರ್ಥಿಯ ಹೆಗಲಿಗೆ ದಾಟಿಸಿ ಕೈತೊಳೆದುಕೊಳ್ಳುವುದು ನಿಲ್ಲಬೇಕು.

ಇದನ್ನು ನೋಡಲು ನಾಗಪುರ ಒಳ್ಳೆಯ ಜಾಗ. ದೇಶದ ನಡುಮಧ್ಯದ ಈ ಊರಿಗೆ ಕನ್ನಡಿಗರ ಮಟ್ಟಿಗೆ ಒಂದು ಹಳೆಯ ನಂಟಿದೆ. 1960ರಲ್ಲಿ ಶುರುವಾದ ಇಲ್ಲಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಹೊತ್ತಿರುವುದು ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿ ವಿಎನ್‌ಐಟಿ ಎನಿಸಿತು. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ, ಉಳಿದರ್ಧ ಹೊರರಾಜ್ಯದವರಿಗೆ ಎಂಬ ನಿಯಮವಿರುವುದರಿಂದ ಕರ್ನಾಟಕದ ಮಕ್ಕಳಿಗೂ ಇಲ್ಲಿ ಬಾಗಿಲು ತೆರೆದಿದೆ. 2015ರಲ್ಲಿ ಐಐಎಂ ಬಂತು, ಮೊದಲು ವಿಎನ್‌ಐಟಿ ಆವರಣದಲ್ಲಿದ್ದು 2022ರಲ್ಲಿ ಇದೇ ಊರಿನ ಮಿಹಾನ್ ಪ್ರದೇಶದ ಸ್ವಂತ ಕ್ಯಾಂಪಸ್ಸಿಗೆ ಹೋಯಿತು. 2016ರಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ, ಟ್ರಿಪಲ್ ಐಟಿ ಎರಡೂ ಬಂದವು. ಇವೆಲ್ಲಕ್ಕೂ ಹಿರಿಯದು 1923ರ ನಾಗಪುರ ವಿಶ್ವವಿದ್ಯಾಲಯ. ಈಗ ರಾಷ್ಟ್ರಸಂತ ತುಕಡೋಜಿ ಮಹಾರಾಜರ ಹೆಸರಿನ ಅದರ ಅಡಿಯಲ್ಲಿ ನಾಗಪುರ, ವಾರ್ಧಾ, ಭಂಡಾರಾ, ಗೋಂದಿಯಾ ಜಿಲ್ಲೆಗಳ ನೂರಾರು ಕಾಲೇಜುಗಳಿವೆ. ತನ್ನ ಪಠ್ಯವನ್ನು ತಾನೇ ತೀರ್ಮಾನಿಸುವ ಸಂಸ್ಥೆ, ಯಾರೋ ತೀರ್ಮಾನಿಸಿದ ಪಠ್ಯವನ್ನು ಕಲಿಸುವ ಕಾಲೇಜು ಎರಡೂ ಒಂದೇ ಊರಲ್ಲಿ ಅಕ್ಕಪಕ್ಕ ಇವೆ. ವಿನಿಮಯದ ಕಷ್ಟಸುಖ ಈ ವ್ಯತ್ಯಾಸದಲ್ಲೇ ಹುಟ್ಟುತ್ತದೆ.

ಮೊದಲಿಗೆ ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ಸ್ಪಷ್ಟವಾಗಲಿ. ಎರಡು ವಿಶ್ವವಿದ್ಯಾಲಯಗಳು ಒಪ್ಪಂದಕ್ಕೆ ಸಹಿ ಹಾಕುತ್ತವೆ. ಹೋಗುವ ವಿದ್ಯಾರ್ಥಿ ಇಲ್ಲಿನ ಶುಲ್ಕವನ್ನು ಇಲ್ಲೇ ಕಟ್ಟುತ್ತಾನೆ, ಅಲ್ಲಿ ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ಅಲ್ಲಿಂದ ಬರುವವರಿಗೂ ಇದೇ ನಿಯಮ. ಪದವಿ ಕೊಡುವುದು ಇಲ್ಲಿನ ಸಂಸ್ಥೆಯೇ. ಪೂರ್ಣ ಪದವಿಗೆ ಹೊರದೇಶಕ್ಕೆ ಹೋಗುವುದಕ್ಕೆ ಹೋಲಿಸಿದರೆ ಇದು ಅತ್ಯಂತ ಕಡಿಮೆ ಖರ್ಚಿನ ದಾರಿ. ಅಷ್ಟೇ ಅಲ್ಲ, ವಾಪಸು ಬರುವುದು ಈ ವ್ಯವಸ್ಥೆಯ ಹೊಟ್ಟೆಯಲ್ಲೇ ಇದೆ, ಬರದಿದ್ದರೆ ಪದವಿಯೇ ಇಲ್ಲ. ಪ್ರತಿಭಾ ಪಲಾಯನದ ಮಾತೆತ್ತಿ ವಿನಿಮಯವನ್ನು ವಿರೋಧಿಸುವವರು ಇದನ್ನು ಗಮನಿಸಬೇಕು. ಮುಂದೆಂದೋ ಹೊರಗೆ ನೆಲೆಸುವ ಆಸೆ ಹೋಗಿಬಂದ ವಿದ್ಯಾರ್ಥಿಗಳಲ್ಲಿ ಹುಟ್ಟೀತು ಎಂಬುದು ನಿಜ. ಆದರೆ ಆ ಆಸೆ ಹುಟ್ಟಲು ಇಂದು ವಿನಿಮಯ ಸೆಮಿಸ್ಟರ್ ಬೇಕೇ ಬೇಕೆಂದೇನಿಲ್ಲ. ಹೋಗಿ ನೋಡಿಬಂದವರು ಅಲ್ಲಿನ ಕಷ್ಟಗಳನ್ನೂ ಕಂಡಿರುತ್ತಾರೆ.

ಇನ್ನು ಕ್ರೆಡಿಟ್ ಲೆಕ್ಕ. ಇದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು, ಏಕೆಂದರೆ ಬಹಳಷ್ಟು ವಿದ್ಯಾರ್ಥಿಗಳು ಎಡವುವುದು ಇಲ್ಲಿ. ಯುರೋಪಿನಲ್ಲಿ ಒಂದು ಶೈಕ್ಷಣಿಕ ವರ್ಷಕ್ಕೆ 60 ಇಸಿಟಿಎಸ್ ಕ್ರೆಡಿಟ್, ಅಂದರೆ ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಎಂದರೆ ತರಗತಿ, ಲ್ಯಾಬ್, ಮನೆಯ ಓದು ಎಲ್ಲ ಸೇರಿ 25ರಿಂದ 30 ಗಂಟೆಯ ದುಡಿಮೆ. ನಮ್ಮಲ್ಲಿ 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 1,200 ಗಂಟೆಯ ಕಲಿಕೆ, 40 ಕ್ರೆಡಿಟ್, ಸೆಮಿಸ್ಟರಿಗೆ 20. ಅಲ್ಲಿನ ಪೂರ್ಣ ಸೆಮಿಸ್ಟರನ್ನು ಇಲ್ಲಿನ ಪೂರ್ಣ ಸೆಮಿಸ್ಟರಿಗೆ ಸಮವೆಂದು ಹಿಡಿದರೆ ಅಲ್ಲಿನ 30 ಇಲ್ಲಿನ 20ಕ್ಕೆ ಸಮ. ಈಗ ಮೆಕ್ಯಾನಿಕಲ್ ಓದುವ ಒಬ್ಬ ವಿದ್ಯಾರ್ಥಿನಿ ಐದನೇ ಸೆಮಿಸ್ಟರಿಗೆ ಹೋಗಿ ತಲಾ ಆರು ಕ್ರೆಡಿಟ್ಟಿನ ಐದು ವಿಷಯ ತೆಗೆದುಕೊಂಡಳು ಎನ್ನೋಣ. ಅದರಲ್ಲಿ ಹೀಟ್ ಟ್ರಾನ್ಸ್‌ಫರ್ ಒಂದು. ಸೆಮಿಸ್ಟರಿಗೆ ಸೆಮಿಸ್ಟರ್ ಎಂದು ಲೆಕ್ಕ ಹಾಕಿದರೆ ಅದು ಇಲ್ಲಿನ ನಾಲ್ಕು ಕ್ರೆಡಿಟ್. ಆದರೆ ಎರಡು ಇಸಿಟಿಎಸ್‌ಗೆ ಒಂದು ಭಾರತೀಯ ಕ್ರೆಡಿಟ್ ಎಂಬ ಸೂತ್ರ ಬಳಸುವ ಕಡೆ ಅದು ಮೂರಕ್ಕೆ ಇಳಿಯುತ್ತದೆ. ಐದು ವಿಷಯಕ್ಕೆ ಐದು ಕ್ರೆಡಿಟ್ ಕಡಿಮೆ ಬಿತ್ತು. ಒಂದು ಥಿಯರಿ ಪೇಪರ್ ಮತ್ತು ಒಂದು ಲ್ಯಾಬ್ ಆಗುವಷ್ಟು ಬಾಕಿ ಅವಳ ತಲೆಯ ಮೇಲೆ. ಗಂಟೆಗಳನ್ನೇ ಲೆಕ್ಕ ಹಿಡಿದರೂ ಅನ್ಯಾಯ ಕಣ್ಣಿಗೆ ಹೊಡೆಯುತ್ತದೆ: ಅಲ್ಲಿನ ಸೆಮಿಸ್ಟರ್ ಕಡಿಮೆಯೆಂದರೂ 750 ಗಂಟೆ, ನಮ್ಮದು 600. ಹೆಚ್ಚು ದುಡಿದವಳಿಗೆ ಕಡಿಮೆ ಕ್ರೆಡಿಟ್.

ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಎಂಜಿನಿಯರಿಂಗ್ ಪಠ್ಯದಲ್ಲಿ ಥಿಯರಿಗೊಂದು, ಲ್ಯಾಬಿಗೊಂದು ಬೇರೆ ಬೇರೆ ಕೋರ್ಸ್ ಕೋಡ್ ಇರುವುದು ಸಾಮಾನ್ಯ. ಅಲ್ಲಿ ಎರಡೂ ಒಂದರೊಳಗೇ ಸೇರಿರಬಹುದು. ಅಲ್ಲಿನ ಅಂಕಪಟ್ಟಿಯಲ್ಲಿ ಲ್ಯಾಬಿನ ಹೆಸರೇ ಇಲ್ಲದಿದ್ದರೆ ಇಲ್ಲಿನ ಪರೀಕ್ಷಾ ವಿಭಾಗದ ಕಂಪ್ಯೂಟರಿನಲ್ಲಿ ಆ ಕೋಡ್ ಖಾಲಿ ಉಳಿಯುತ್ತದೆ, ಖಾಲಿ ಕೋಡ್ ಎಂದರೆ ಬ್ಯಾಕ್‌ಲಾಗ್. ಗ್ರೇಡ್ ವಿಷಯದಲ್ಲೂ ಇದೇ ಗೋಜಲು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0ಕ್ಕೆ ಪಾಸು, ಅಂಕಿ ಏರಿದಷ್ಟೂ ಮಟ್ಟ ಇಳಿಯುತ್ತದೆ. ಫ್ರಾನ್ಸಿನಲ್ಲಿ 20ಕ್ಕೆ 14 ಬಂದರೆ ಚೆನ್ನಾಗಿ ಮಾಡಿದ್ದಾರೆ ಎಂದರ್ಥ, 16 ಎಂದರೆ ಬಹಳ ಚೆನ್ನ. 14ನ್ನು ಶೇ 70 ಎಂದು ನೇರವಾಗಿ ಬರೆದುಬಿಟ್ಟರೆ ತರಗತಿಯ ಮುಂಚೂಣಿಯಲ್ಲಿದ್ದ ಹುಡುಗಿಯ ಸಿಜಿಪಿಎ ಕುಸಿಯುತ್ತದೆ. ಕಂಪನಿಗಳು ಸಿಜಿಪಿಎ ಗೆರೆ ಎಳೆದು ಸಂದರ್ಶನಕ್ಕೆ ಕರೆಯುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೊರಗೆ ಓದಿದ ವಿಷಯಗಳನ್ನು ಪಾಸ್ ಎಂದಷ್ಟೇ ದಾಖಲಿಸಿ ಸರಾಸರಿಯಿಂದ ಹೊರಗಿಡುವುದು ಒಂದು ದಾರಿ, ಎರಡೂ ಕಡೆಯ ಗ್ರೇಡುಗಳ ಹಂಚಿಕೆ ನೋಡಿ ಪಟ್ಟಿ ಮಾಡುವುದು ಇನ್ನೊಂದು. ಯಾವುದನ್ನಾದರೂ ಆರಿಸಲಿ, ವಿದ್ಯಾರ್ಥಿ ವಿಮಾನ ಹತ್ತುವ ಮೊದಲೇ ಅದು ಲಿಖಿತವಾಗಿ ಅವನ ಕೈಯಲ್ಲಿರಬೇಕು. ವಿಭಾಗದ ಮುಖ್ಯಸ್ಥರ ಬಾಯಿಮಾತಿನ ಭರವಸೆ ಮುಖ್ಯಸ್ಥರು ಬದಲಾದ ದಿನ ಮುಗಿಯುತ್ತದೆ.

ಕ್ಯಾಲೆಂಡರ್ ಇನ್ನೊಂದು ಮುಳ್ಳು. ನಮ್ಮ ಬೆಸ ಸೆಮಿಸ್ಟರ್ ಜುಲೈ–ಆಗಸ್ಟಿಗೆ ಶುರುವಾಗಿ ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ, ಸಮ ಸೆಮಿಸ್ಟರ್ ಜನವರಿಗೆ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ತೆರೆದು, ಪಾಠ ಫೆಬ್ರುವರಿವರೆಗೆ ಎಳೆದು, ಪರೀಕ್ಷೆ ಅದರಾಚೆಗೂ ಹೋಗುತ್ತದೆ. ಹೋದವನು ಮರಳುವಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರಿನ ಮೊದಲ ಇಂಟರ್ನಲ್ ಮುಗಿದು, ಶೇ 75ರ ಹಾಜರಾತಿ ಕೈಮೀರಿರುತ್ತದೆ. ಅಮೆರಿಕದ ಆಗಸ್ಟ್–ಡಿಸೆಂಬರ್ ಸೆಮಿಸ್ಟರ್ ನಮ್ಮದಕ್ಕೆ ಚೆನ್ನಾಗಿ ಹೊಂದುತ್ತದೆ, ಆಸ್ಟ್ರೇಲಿಯಾದ ಜುಲೈ–ನವೆಂಬರ್ ಅವಧಿಯೂ ಸರಿಯೇ. ಜಪಾನಿನ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಶುರು. ಯಾವ ದೇಶದ ಜೊತೆ ಯಾವ ಸೆಮಿಸ್ಟರಿಗೆ ಕಳಿಸಬಹುದು ಎಂಬುದನ್ನು ಸಂಸ್ಥೆ ಒಮ್ಮೆ ಕೂತು ಹೊಂದಿಸಿಟ್ಟರೆ ಪ್ರತಿ ವರ್ಷದ ಪರದಾಟ ತಪ್ಪುತ್ತದೆ. ಎಂಜಿನಿಯರಿಂಗಿನಲ್ಲಿ ಏಳನೇ ಸೆಮಿಸ್ಟರಿಗೆ ಪ್ಲೇಸ್‌ಮೆಂಟ್ ಶುರುವಾಗುವುದರಿಂದ ಐದು ಅಥವಾ ಆರನೆಯದೇ ಸೂಕ್ತ. ಎರಡು ವರ್ಷದ ಎಂಬಿಎ ಓದುವವರಿಗೆ ಐಚ್ಛಿಕ ವಿಷಯಗಳು ತುಂಬಿರುವ ಎರಡನೇ ವರ್ಷ ಅನುಕೂಲ. ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ವಿನಿಮಯ ಸಲೀಸಾಗಿ ನಡೆಯುವುದರ ಗುಟ್ಟು ಕೂಡ ಇದೇ. ಅಲ್ಲಿ ಕಡ್ಡಾಯ ವಿಷಯಗಳ ಬೇಲಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ.

ಇದೆಲ್ಲ ಆಗದ ಹೋಗದ ಮಾತೇನಲ್ಲ ಎಂಬುದಕ್ಕೆ ಯುರೋಪಿನ ಅನುಭವವೇ ಸಾಕ್ಷಿ. ಅಲ್ಲಿನ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಕಾರ್ಯಕ್ರಮ 1987ರಲ್ಲಿ ಆರಂಭವಾದಾಗ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳು ಹೋಗಿಬಂದರು. ಒಬ್ಬರ ಪಠ್ಯ ಇನ್ನೊಬ್ಬರಿಗೆ ಹೊಂದದ ತೊಂದರೆ ಅವರಿಗೂ ಇತ್ತು. ಎರಡೇ ವರ್ಷದಲ್ಲಿ, 1989ರಲ್ಲಿ, ಇಸಿಟಿಎಸ್ ಪ್ರಯೋಗ ಶುರುವಾಯಿತು. ಇಂದು ಅಲ್ಲಿ ವಿದ್ಯಾರ್ಥಿ ಹೊರಡುವ ಮುನ್ನ ‘ಲರ್ನಿಂಗ್ ಅಗ್ರಿಮೆಂಟ್’ ಎಂಬ ಪತ್ರಕ್ಕೆ ಮೂರು ಸಹಿ ಬೀಳುತ್ತವೆ: ವಿದ್ಯಾರ್ಥಿಯದು, ಕಳಿಸುವ ಸಂಸ್ಥೆಯದು, ಕರೆಸಿಕೊಳ್ಳುವ ಸಂಸ್ಥೆಯದು. ಪತ್ರದಲ್ಲಿರುವ ವಿಷಯಗಳನ್ನು ಪಾಸು ಮಾಡಿದರೆ ಮಾನ್ಯತೆ ಸಿಗಲೇಬೇಕು, ಮರಳಿದ ಮೇಲೆ ಮರುಪರಿಶೀಲನೆ ಇಲ್ಲ. ಎಲ್ಲ ಕಡೆ ಅದು ನೂರಕ್ಕೆ ನೂರು ಪಾಲನೆಯಾಗುತ್ತದೆ ಎನ್ನಲಾಗದು. ಆದರೆ ತಪ್ಪಿದಾಗ ಉತ್ತರ ಕೊಡಬೇಕಾದವರು ಯಾರು ಎಂಬುದು ಮಾತ್ರ ಖಚಿತ. 2015ರಿಂದ ಈ ಕಾರ್ಯಕ್ರಮದ ಒಂದು ಭಾಗ ಭಾರತದಂಥ ದೇಶಗಳಿಗೂ ತೆರೆದಿದ್ದು, ಆಯ್ಕೆಯಾದವರಿಗೆ ತಿಂಗಳ ಭತ್ಯೆಯೂ ಉಂಟು. ಅರ್ಜಿಯನ್ನು ಯುರೋಪಿನ ಸಂಸ್ಥೆಯೇ ಹಾಕಬೇಕಾದ್ದರಿಂದ, ಇಲ್ಲಿ ಕ್ರೆಡಿಟ್ ವ್ಯವಸ್ಥೆ ಸಿದ್ಧವಿರುವ ಕಾಲೇಜನ್ನೇ ಅವರು ಜೊತೆಗಾರನಾಗಿ ಆರಿಸಿಕೊಳ್ಳುವುದು ಸಹಜ.

ನಮ್ಮಲ್ಲೂ ನಿಯಮಗಳ ಕೊರತೆ ಇಲ್ಲ. 2021ರಲ್ಲಿ ಯುಜಿಸಿ, ಬೇರೆ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂದಿತು. 2022ರಲ್ಲಿ ವಿದೇಶಿ ಸಂಸ್ಥೆಗಳ ಜೊತೆಗಿನ ಸಹಯೋಗಕ್ಕೆ ಹೊಸ ನಿಯಮಾವಳಿ ಬಂತು. ಪದವಿಯ ಒಂದು ಭಾಗವನ್ನು ವಿದೇಶಿ ಸಂಸ್ಥೆಯಲ್ಲಿ ಓದುವ ಟ್ವಿನಿಂಗ್ ವ್ಯವಸ್ಥೆಯಲ್ಲಿ ಒಟ್ಟು ಕ್ರೆಡಿಟ್ಟಿನ ಶೇ 30ರವರೆಗೆ ಹೊರಗೆ ಗಳಿಸಬಹುದು ಎಂದು ಅದು ಹೇಳುತ್ತದೆ. ನಾಲ್ಕು ವರ್ಷದ ಪದವಿಯಲ್ಲಿ ಒಂದು ಸೆಮಿಸ್ಟರ್ ಎಂದರೆ ಎಂಟನೇ ಒಂದು ಪಾಲು, ಆ ಮಿತಿಯ ಅರ್ಧದಷ್ಟೂ ಆಗುವುದಿಲ್ಲ. ದಿಲ್ಲಿಯ ಬಾಗಿಲು ತೆರೆದಿದೆ, ಬೀಗ ಉಳಿದಿರುವುದು ಕಾಲೇಜು ಮತ್ತು ವಿಶ್ವವಿದ್ಯಾಲಯದ ನಡುವಿನ ಬಾಗಿಲಿಗೆ. ವಿಎನ್‌ಐಟಿಯಂಥ ಸಂಸ್ಥೆಯ ಸೆನೆಟ್ ಮನಸ್ಸು ಮಾಡಿದರೆ ಒಂದೇ ಸಭೆಯಲ್ಲಿ ಸಮಾನ ವಿಷಯಗಳ ಪಟ್ಟಿಗೆ ಒಪ್ಪಿಗೆ ಕೊಡಬಹುದು. ನಾಗಪುರ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ, ಸ್ವಾಯತ್ತತೆ ಇಲ್ಲದ ಕಾಲೇಜಿಗೆ ಆ ಅಧಿಕಾರವಿಲ್ಲ. ಪಠ್ಯವೂ ಪರೀಕ್ಷೆಯೂ ವಿಶ್ವವಿದ್ಯಾಲಯದ್ದು. ನಮ್ಮ ಕಡೆ ಬಂದರೂ ಇದೇ ಕಥೆ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಟಿಯು ಹೊತ್ತಿರುವುದೂ ವಿಶ್ವೇಶ್ವರಯ್ಯನವರ ಹೆಸರನ್ನೇ, ಅದರ ಅಡಿಯಲ್ಲಿ ಸುಮಾರು ಇನ್ನೂರು ಕಾಲೇಜುಗಳು. 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ, ಅಲ್ಲಿನ ಕೈಗಾರಿಕೆ, ಶಿಕ್ಷಣ ಎರಡನ್ನೂ ಕಣ್ಣಾರೆ ಕಂಡು ಬಂದವರ ಹೆಸರು ಅದು. ಆ ಹೆಸರಿನ ಸಂಸ್ಥೆಗಳಲ್ಲಿ ಹೊರಗೆ ಕಲಿತದ್ದನ್ನು ಒಳಗೆ ತರಲು ದಾರಿ ಸುಗಮವಾಗಿರಬೇಕಾದ್ದು ನ್ಯಾಯ.

ಇಲ್ಲಿ ಅಧ್ಯಾಪಕರು ಎತ್ತುವ ಆಕ್ಷೇಪವೊಂದಿದೆ. ಅಲ್ಲಿನ ಪಠ್ಯ ನಮ್ಮದಕ್ಕೆ ಪೂರ್ತಿ ಹೊಂದದಿದ್ದರೆ ವಿದ್ಯಾರ್ಥಿಯ ತಳಪಾಯವೇ ಸಡಿಲವಾದೀತು, ಪದವಿಗೆ ಮುದ್ರೆ ಒತ್ತುವವರು ನಾವು, ಕಣ್ಣುಮುಚ್ಚಿ ಒಪ್ಪುವುದು ಹೇಗೆ ಎಂಬುದು ಅವರ ಪ್ರಶ್ನೆ. ಇದು ಜವಾಬ್ದಾರಿಯುತ ಪ್ರಶ್ನೆಯೇ, ತಳ್ಳಿಹಾಕುವಂಥದ್ದಲ್ಲ. ಆದರೆ ಐದು ಯೂನಿಟ್ಟಿನ ಪಠ್ಯವನ್ನು ಸಾಲುಸಾಲಾಗಿ ಪಕ್ಕದಲ್ಲಿಟ್ಟು ಒಂದು ಅಧ್ಯಾಯ ಇಲ್ಲವೆಂದು ಇಡೀ ವಿಷಯವನ್ನೇ ತಿರಸ್ಕರಿಸುವುದು ಇದಕ್ಕೆ ಪರಿಹಾರವಲ್ಲ. ಈ ವಿಷಯದ ಮೇಲೆ ನಿಂತಿರುವ ಮುಂದಿನ ವಿಷಯವನ್ನು ವಿದ್ಯಾರ್ಥಿ ಓದಬಲ್ಲನೇ ಎಂದು ಕೇಳಿಕೊಂಡರೆ ಸಾಕು. ಹೀಟ್ ಟ್ರಾನ್ಸ್‌ಫರ್‌ನಲ್ಲಿ ವಹನ, ಸಂವಹನ, ವಿಕಿರಣ ಮೂರನ್ನೂ ಕಲಿತವರು ಇಲ್ಲಿಗೆ ಬಂದು ರೆಫ್ರಿಜರೇಷನ್ ಪಾಠವನ್ನು ಹಿಂಬಾಲಿಸಬಲ್ಲರು. ಅಲ್ಲಿ ಹೀಟ್ ಎಕ್ಸ್‌ಚೇಂಜರ್ ಅಧ್ಯಾಯ ಬಿಟ್ಟಿದ್ದರೆ ರಜೆಯಲ್ಲಿ ಎರಡು ವಾರ ಕೂರಿಸಿ ಹೇಳಿಕೊಟ್ಟರಾಯಿತು. ಮಟ್ಟ ಕಾಯಬೇಕೆನ್ನುವ ಅಧ್ಯಾಪಕರು ಈ ಹೊಂದಾಣಿಕೆಯನ್ನು ವಿದ್ಯಾರ್ಥಿ ಹೋಗುವ ಮುಂಚೆ ಮಾಡಬೇಕು. ಬಂದ ಮೇಲೆ ಮಾಡಿದರೆ ಅದು ಶಿಕ್ಷೆಯಾಗುತ್ತದೆ.

ಹಣದ ಪ್ರಶ್ನೆ ಇದಕ್ಕಿಂತ ಬಿರುಸಾದದ್ದು. ಶುಲ್ಕ ಮಾಫಿಯಾದರೂ ಊಟ, ಬಾಡಿಗೆ, ವಿಮಾನ, ವಿಮೆ ಯಾವುದೂ ಮಾಫಿಯಿಲ್ಲ. ಜರ್ಮನಿ ವೀಸಾಕ್ಕೆ ವಿದ್ಯಾರ್ಥಿ ತನ್ನಲ್ಲಿ ಇದೆಯೆಂದು ತೋರಿಸಬೇಕಾದ ಮೊತ್ತವನ್ನು 2024ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 992 ಯೂರೋಗೆ ಏರಿಸಲಾಯಿತು. ಆರು ತಿಂಗಳಿಗೆ 5,952 ಯೂರೋ, ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ ಆರು ಲಕ್ಷದ ಹತ್ತಿರ. ಯವತ್ಮಾಳದ ಹತ್ತಿ ಬೆಳೆಗಾರನ ಮಗಳಾಗಲಿ, ಯಾದಗಿರಿಯ ಶಾಲಾ ಮೇಷ್ಟ್ರ ಮಗನಾಗಲಿ ಇಷ್ಟನ್ನು ಒಟ್ಟಿಗೆ ಖಾತೆಯಲ್ಲಿ ತೋರಿಸುವುದು ಹೇಗೆ? ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಪದವಿ, ಪಿಎಚ್‌ಡಿಗಳಿಗೆ. ಮಹಾರಾಷ್ಟ್ರದ ರಾಜರ್ಷಿ ಶಾಹು ಮಹಾರಾಜ ವಿದೇಶಿ ವಿದ್ಯಾರ್ಥಿವೇತನವೂ ಹಾಗೆಯೇ. ಕರ್ನಾಟಕದ ಪ್ರಬುದ್ಧ ಯೋಜನೆಯ ಗುರಿಯೂ ವಿದೇಶದಲ್ಲಿ ಪದವಿ ವ್ಯಾಸಂಗ. ಪೂರ್ಣ ಪದವಿಗೆ ದೊಡ್ಡ ಮೊತ್ತ ಕೊಡುವ ಸರ್ಕಾರಗಳು ಅದರ ಒಂದು ತುಣುಕಿನಲ್ಲಿ ಮುಗಿಯುವ ಸೆಮಿಸ್ಟರನ್ನು ಗಮನಿಸಿಯೇ ಇಲ್ಲ. ಸಾಲದ್ದಕ್ಕೆ ದೂರ. ಜರ್ಮನಿ, ಫ್ರಾನ್ಸ್ ಎರಡರ ಕಾನ್ಸುಲೇಟೂ ಇರುವುದು ನಾಗಪುರದಿಂದ ಎಂಟುನೂರು ಕಿಲೋಮೀಟರ್ ದಾಟಿದ ಮುಂಬೈಯಲ್ಲಿ. ಮುಂಬೈನ ಹುಡುಗನಿಗೆ ಲೋಕಲ್ ಟ್ರೇನಿನಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿನವನು ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು.

ವಿನಿಮಯವೆಂದರೆ ಉಳ್ಳವರ ಮಕ್ಕಳ ಪ್ರವಾಸ, ಸಾರ್ವಜನಿಕ ಸಂಸ್ಥೆಗಳು ಅದಕ್ಕೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಇಂದಿನ ಮಟ್ಟಿಗೆ ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಉಳ್ಳವರೇ ಹೋಗುವಂತೆ ಆಗಿರುವುದು ಖರ್ಚನ್ನು ಕುಟುಂಬಕ್ಕೇ ಬಿಟ್ಟಿರುವುದರಿಂದ. ಈ ಪ್ರಶ್ನೆಗೆ ನಾಗಪುರದಲ್ಲೇ ಉತ್ತರವೂ ಇದೆ. 1956ರ ಅಕ್ಟೋಬರ್ 14ರಂದು ದೀಕ್ಷಾಭೂಮಿಯಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ಡಾ. ಅಂಬೇಡ್ಕರ್, 1913ರಲ್ಲಿ ಕೊಲಂಬಿಯಾಕ್ಕೆ ಹೋಗಿದ್ದು ಬರೋಡಾ ಸಂಸ್ಥಾನ ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದ ಮೇಲೆ. ಅದರ ಅವಧಿ ತೀರಿದ್ದರಿಂದ 1917ರಲ್ಲಿ ಅವರು ಕೊಲಂಬಿಯಾದ ನಂತರ ಲಂಡನ್ನಿನಲ್ಲಿ ಶುರುಮಾಡಿದ್ದ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ನಾಲ್ಕು ವರ್ಷದೊಳಗೆ ಮರಳಿ ಮುಂದುವರಿಸಬಹುದೆಂಬ ಅನುಮತಿ ಮಾತ್ರ ಕೈಯಲ್ಲಿತ್ತು. 1920ರಲ್ಲಿ ಮತ್ತೆ ಹೋದರು, 1923ರಲ್ಲಿ ಡಿಎಸ್‌ಸಿ ಪಡೆದರು. ಅವರ ಛಲದ ಬಗ್ಗೆ ನಾವು ಸಾಕಷ್ಟು ಮಾತಾಡುತ್ತೇವೆ, ಆಡಬೇಕಾದ್ದೂ ಸರಿಯೇ. ಆದರೆ ಹಣ ನಿಂತಾಗ ಓದು ನಿಂತಿತು, ಸಂಸ್ಥೆ ಬಾಗಿಲು ಮುಚ್ಚದೆ ಕಾದಿದ್ದರಿಂದ ಅದು ಪೂರ್ತಿಯಾಯಿತು ಎಂಬ ಎರಡು ಸಂಗತಿಗಳನ್ನು ಮರೆಯಬಾರದು. ಅಂಥ ಛಲವಂತನಿಗೂ ಕಾಗದದ ಮೇಲಿನ ಒಂದು ಅನುಮತಿ ಬೇಕಾಗಿತ್ತು.

ತಯಾರಿಯ ಇನ್ನೊಂದು ಮುಖ ಬಹುತೇಕ ಯಾರ ಗಮನಕ್ಕೂ ಬಂದಿಲ್ಲ. ವಿನಿಮಯ ಎಂದ ಮೇಲೆ ಅಲ್ಲಿಂದಲೂ ಬರಬೇಕು. ನಾವು ಐವರನ್ನು ಕಳಿಸಿ ಅಲ್ಲಿಂದ ಒಬ್ಬರೂ ಬಾರದಿದ್ದರೆ, ಶುಲ್ಕ ಮಾಫಿ ಮಾಡಿ ಕೂರಿಸಿಕೊಳ್ಳುವ ಸಂಸ್ಥೆ ಮುಂದಿನ ಒಪ್ಪಂದದಲ್ಲಿ ಸೀಟು ಇಳಿಸುತ್ತದೆ. ದಿಲ್ಲಿ, ಬೆಂಗಳೂರಿಗೆ ಬರುವಷ್ಟು ಸುಲಭವಾಗಿ ವಿದೇಶಿ ವಿದ್ಯಾರ್ಥಿಗಳು ನಾಗಪುರಕ್ಕೋ ಕಲಬುರಗಿಗೋ ಬರುವುದಿಲ್ಲ. ಹಾಗೆಂದು ತೋರಿಸಲು ಏನೂ ಇಲ್ಲವೆಂದಲ್ಲ. ಪರಿಸರ ಎಂಜಿನಿಯರಿಂಗಿನ ರಾಷ್ಟ್ರೀಯ ಪ್ರಯೋಗಾಲಯ ನೀರಿ 1958ರಿಂದ ಇಲ್ಲಿದೆ. ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ಕಿತ್ತಳೆ ಜಾತಿಯ ಹಣ್ಣುಗಳ ಸಂಶೋಧನಾ ಸಂಸ್ಥೆ, ಭಾರತೀಯ ಗಣಿ ಬ್ಯೂರೋದ ಕೇಂದ್ರ ಕಚೇರಿ ಎಲ್ಲ ಇಲ್ಲೇ. ಹತ್ತಿ ರೈತನ ಸಾಲ, ಕಲ್ಲಿದ್ದಲು ಮತ್ತು ಕಾಡಿನ ಜಗಳ, ಅಂಬೇಡ್ಕರೋತ್ತರ ಬೌದ್ಧ ಚಳವಳಿ ಇವನ್ನು ಅರಿಯಲು ವಿದರ್ಭಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ಇವುಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಸೆಮಿಸ್ಟರಿನ ಕೋರ್ಸುಗಳನ್ನು ಕಟ್ಟಿ, ಹಾಸ್ಟೆಲ್ಲಿನಲ್ಲಿ ನಾಲ್ಕು ಒಳ್ಳೆಯ ಕೋಣೆ ತೆಗೆದಿಟ್ಟು, ವಿದೇಶಿಯರು ಬಂದ 24 ಗಂಟೆಯೊಳಗೆ ಸಲ್ಲಿಸಬೇಕಾದ ನಮೂನೆ ತುಂಬಬಲ್ಲ ಒಬ್ಬ ಗುಮಾಸ್ತರನ್ನು ನೇಮಿಸಿದರೆ ಬರುವವರು ಬರುತ್ತಾರೆ. ಬರುವ ಒಬ್ಬೊಬ್ಬರಿಂದ ಇಲ್ಲಿನ ಒಬ್ಬೊಬ್ಬರಿಗೆ ಸೀಟು ಉಳಿಯುತ್ತದೆ.

ಇಪ್ಪತ್ತರ ಹರೆಯದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಲಿ, ಕಲಿಯುವುದೇ ಹಾಗೆ ಎನ್ನುವವರಿಗೂ ಒಂದು ಮಾತು. ಹೊಸ ಊರಲ್ಲಿ ಮನೆ ಹುಡುಕುವುದು, ಅಡುಗೆ, ಭಾಷೆ, ಒಂಟಿತನ ಎಲ್ಲ ಅವರೇ ನಿಭಾಯಿಸಲಿ, ಅದರಿಂದ ಅವರು ಬೆಳೆಯುತ್ತಾರೆ. ಪರೀಕ್ಷಾ ವಿಭಾಗದ ಕಿಟಕಿಯಿಂದ ಕಿಟಕಿಗೆ ಅಲೆದು ಯಾರೂ ಬೆಳೆಯುವುದಿಲ್ಲ. ಹೊರದೇಶವೇ ಯಾಕೆ, ಕಲಬುರಗಿಯ ವಿದ್ಯಾರ್ಥಿ ನಾಗಪುರಕ್ಕೆ, ನಾಗಪುರದವರು ಗುವಾಹಟಿಗೆ ಹೋಗಿ ಒಂದು ಸೆಮಿಸ್ಟರ್ ಓದಲಿ ಎಂಬ ಸಲಹೆ ಮಾತ್ರ ನನಗೆ ಆಕ್ಷೇಪವಾಗಿ ಕಾಣುವುದಿಲ್ಲ, ಅದು ಆಗಲೇಬೇಕಾದ ಕೆಲಸ. ಖರ್ಚು ಕಡಿಮೆ, ವೀಸಾ ಬೇಡ. ಆದರೆ ಅದಕ್ಕೂ ಬೇಕಾದದ್ದು ಸಮಾನ ವಿಷಯಗಳ ಇದೇ ಪಟ್ಟಿ, ಗ್ರೇಡಿನ ಇದೇ ನಿಯಮ. ಒಂದಕ್ಕೆ ಸಿದ್ಧವಾದ ಕಾಲೇಜು ಇನ್ನೊಂದಕ್ಕೂ ಸಿದ್ಧ.

ಮಗನೋ ಮಗಳೋ ಈಗ ಎರಡನೇ ವರ್ಷದಲ್ಲಿದ್ದರೆ, ಹೋಗುವ ಆಸೆಯೂ ಇದ್ದರೆ, ಸೂಟ್‌ಕೇಸ್ ಕೊಳ್ಳುವ ಮೊದಲು ಕಾಲೇಜಿನ ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಿರಿ. ಅಲ್ಲಿನ ಯಾವ ವಿಷಯ ಇಲ್ಲಿನ ಯಾವುದಕ್ಕೆ ಸಮ, ಕ್ರೆಡಿಟ್ ಯಾವ ಲೆಕ್ಕದಲ್ಲಿ, ಗ್ರೇಡ್ ಹೇಗೆ ಬರೆಯುತ್ತೀರಿ ಎಂದು ಕೇಳಿ, ಉತ್ತರವನ್ನು ಸಹಿ, ಮೊಹರು ಸಮೇತ ಪಡೆಯಿರಿ. ಉತ್ತರ ಬಾರದಿದ್ದರೆ ಆ ವರ್ಷ ಹೊರಡಬೇಡಿ. ಬದಲಿಗೆ ಅದೇ ಪತ್ರವನ್ನು ಇನ್ನಷ್ಟು ಪೋಷಕರ ಸಹಿಯೊಂದಿಗೆ ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳಿಸಿ.